ಕುರ್ಚಿ ಬಿಡದ ಅತ್ತಿಗೆ

“ಕುಶನ್ ಅಂಗಡಿಯವನ ಮುಂದೆ ಕೈಕಟ್ಟಿ ನಿಲ್ಲೋ ಪ್ರಶ್ನೆಯೇ ಇಲ್ಲ. ಈ ಆರು ಕುರ್ಚಿಗೆ ನಾನೇ ಮರುಜನ್ಮ ಕೊಡ್ತೀನಿ” ಎಂದು ಅಲ್ಪವಿರಾಮರು ಗುರುವಾರ ಬೆಳಿಗ್ಗೆ ಘೋಷಿಸಿದಾಗ, ಕೇಳಿಸಿಕೊಳ್ಳಲು ಮನೆಯಲ್ಲಿ ಆ ಆರು ಕುರ್ಚಿಗಳ ಹೊರತು ಯಾರೂ ಇರಲಿಲ್ಲ. ಹೆಂಡತಿ ಎದುರಿಗಿರುವಾಗ ಇಂಥ ಘೋಷಣೆಗಳನ್ನು ಹೊರಡಿಸುವಷ್ಟು ದಡ್ಡರಲ್ಲ ಅವರು. ಆಕೆ ಕಚೇರಿಯ ತರಬೇತಿಗೆಂದು ಬೆಳಗಿನ ಬಸ್ಸಿಗೇ ಪರವೂರಿಗೆ ಹೋಗಿದ್ದಳು. ಬರುವುದು ಶನಿವಾರ ಸಂಜೆ.

ಅಲ್ಪವಿರಾಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅಚ್ಚಿನ ಮನೆಯಲ್ಲಿ ಕರಡು ತಿದ್ದುವುದು ಅವರ ಉದ್ಯೋಗ. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಅಲ್ಪವಿರಾಮವೂ ಅವರ ಕಣ್ಣು ತಪ್ಪಿಸಿ ಅಚ್ಚಾಗಿಲ್ಲ ಎಂಬ ಕೀರ್ತಿಗೆ ಸಹೋದ್ಯೋಗಿಗಳು ಕೊಟ್ಟ ಬಿರುದು ಅದು. ಬಸ್ಸಿನ ಟಿಕೇಟಾಗಲಿ, ಔಷಧಿಯ ಚೀಟಿಯಾಗಲಿ, ಮೊದಲು ತಪ್ಪು ಹುಡುಕಿ, ಸಮಯ ಉಳಿದರೆ ಆಮೇಲೆ ಓದುವವರು.

ಈ ಕುರ್ಚಿಗಳು ಸಾಮಾನ್ಯದವಲ್ಲ. ಅವರ ಅತ್ತೆಯವರ ಕಾಲದವು. ಅತ್ತೆ ತೀರಿಕೊಂಡಾಗ ಹಿರಿಯ ಮಗಳು, ಅಂದರೆ ಅಲ್ಪವಿರಾಮರ ಅತ್ತಿಗೆ, “ನನಗೆ ಮೂರು, ನಿನಗೆ ಮೂರು” ಎಂದಿದ್ದರು. ಅವರು ಊರಿಗೆ ಹೋಗಿ ಗಾಡಿ ತರುವಷ್ಟರಲ್ಲಿ ಕಿರಿಯಳು ಆರನ್ನೂ ಸಾಗಿಸಿಬಿಟ್ಟಿದ್ದಳು. “ಜೋಡಿ ಒಡೀಬಾರದು ಅಂತ ಅಮ್ಮ ಹೇಳಿದ್ಲು” ಎನ್ನುವುದು ಇವಳ ವಾದ. “ಹೇಳಿದ್ದನ್ನ ಕೇಳಿಸಿಕೊಂಡಿದ್ದು ನೀನೊಬ್ಬಳೇ” ಎನ್ನುವುದು ಅವರ ವಾದ. ಅಲ್ಲಿಂದ ನಾಲ್ಕು ವರ್ಷ ಅಕ್ಕತಂಗಿಯರ ನಡುವೆ ಮಾತಿಲ್ಲ, ಕತೆಯಿಲ್ಲ. ಹೋದ ವಾರ ಅಕ್ಕನೇ ಫೋನ್ ಮಾಡಿ, “ಭಾನುವಾರ ಬರ್ತೀವಿ ಕಣೇ. ಕುರ್ಚಿ ವಿಷಯ ಎತ್ತಲ್ಲ” ಎಂದಾಗ, ತಂಗಿ ಮಾತು ಮುಗಿದ ಮೇಲೂ ಫೋನನ್ನೇ ಹಿಡಿದುಕೊಂಡು ಬಹಳ ಹೊತ್ತು ಅತ್ತಿದ್ದಳು.

ಅತ್ತು ಮುಗಿದ ಮೇಲೆ ಆಕೆಯ ಕಣ್ಣು ಕುರ್ಚಿಗಳ ಮೇಲೆ ಬಿತ್ತು. ಕೂರುವ ಹಲಗೆಗೆ ಹೊದಿಸಿದ್ದ ಕಂದು ಬಟ್ಟೆಯ ಮೇಲೆ ಚಹಾದ ಕಲೆ, ಎಣ್ಣೆಯ ಕಲೆ, ಯಾವುದರದೆಂದು ಯಾರೂ ನೆನಪಿಸಿಕೊಳ್ಳಲು ಬಯಸದ ಕಲೆ.

“ಅಮ್ಮನ ಕುರ್ಚೀನ ಹೀಗಾ ಇಟ್ಕೊಂಡಿದ್ದೀಯ ಅಂತ ಅಕ್ಕ ಕೇಳಿದ್ರೆ ನಾನು ಮುಖ ಎಲ್ಲಿಟ್ಕೊಳ್ಲಿ?” ಎಂದಳು ಗಂಡನಿಗೆ. “ನಾನು ಬರೋಷ್ಟರಲ್ಲಿ ಬಟ್ಟೆ ಬದಲಾಯಿಸಿ ಇಡಿ. ಕುಶನ್ ಅಂಗಡಿಯವನಿಗೆ ಹೇಳಿ ಅಷ್ಟೇ, ಅವನಿಗೆ ಒಂದು ದಿನದ ಕೆಲಸ. ನೀವು ಮಾತ್ರ ಕೈ ಹಾಕ್ಬೇಡಿ.”

“ನಾನ್ಯಾಕೆ ಕೈ ಹಾಕ್ಲಿ?” ಎಂದಿದ್ದರು ಅಲ್ಪವಿರಾಮರು.

ಆದರೆ ವಿಧಿಯೆಂಬುದು ಆ ವಾರವೇ ಅವರ ಮೇಜಿಗೆ ಗೃಹಾಲಂಕಾರದ ಮಾಸಪತ್ರಿಕೆಯೊಂದರ ಕರಡಿನ ರೂಪದಲ್ಲಿ ಬಂದಿತ್ತು. ‘ಬಟ್ಟೆ ಬದಲಿಸಬೇಡಿ, ಬಣ್ಣ ಬಳಿಯಿರಿ’ ಎಂದು ತಲೆಬರಹ. ಹಳೆಯ ಕುರ್ಚಿಯ ಬಟ್ಟೆಗೆ ಬಣ್ಣ ಹಚ್ಚಿದರೆ ಅದು ಚರ್ಮದ ಹೊದಿಕೆಯಂತೆ ಮಿನುಗುತ್ತದೆ, ಬಂದವರು ಬೆರಗಾಗುತ್ತಾರೆ ಎಂದು ಪುಟದ ತುಂಬ ಹೊಗಳಿಕೆ. ಅಲ್ಪವಿರಾಮರು ಅದರಲ್ಲಿ ಹನ್ನೊಂದು ತಪ್ಪು ತಿದ್ದಿ, ಲೇಖನವನ್ನು ಪೂರ್ತಿ ನಂಬಿದರು.

ಶುಕ್ರವಾರ ರಜೆ ಹಾಕಿದರು. ಗೇಟಿಗೆ ಬಳಿದು ಮಿಕ್ಕಿದ್ದ ಕಡುನೀಲಿ ಎಣ್ಣೆ ಬಣ್ಣದ ಡಬ್ಬಿ ಮೆಟ್ಟಿಲ ಕೆಳಗಿತ್ತು. ಪ್ರತಿ ಕುರ್ಚಿಯ ಅಡಿಯ ನಾಲ್ಕು ಸ್ಕ್ರೂ ಬಿಚ್ಚಿ, ಕೂರುವ ಹಲಗೆ ಹೊರತೆಗೆದು, ಸಾಲಾಗಿ ಜೋಡಿಸಿ, ಮಹಾಯುದ್ಧಕ್ಕೆ ಹೊರಟ ದಂಡನಾಯಕನಂತೆ ಕುಂಚ ಎತ್ತಿದರು. ಮೊದಲ ಬಳಿತವನ್ನು ಬಟ್ಟೆ ಕುಡಿದುಬಿಟ್ಟಿತು. ಎರಡನೆಯದನ್ನು ಬಟ್ಟೆಯ ಕೆಳಗಿನ ಸ್ಪಂಜು ಕುಡಿಯಿತು. ಮೂರನೆಯದು ಮೇಲೆ ನಿಂತಿತು. ನೋಡಲು ನಿಜಕ್ಕೂ ಚರ್ಮದಂತೆಯೇ ಇತ್ತು. ಅಲ್ಪವಿರಾಮರು ಎರಡು ಹೆಜ್ಜೆ ಹಿಂದೆ ಸರಿದು, ತಾವು ಇಷ್ಟು ವರ್ಷ ಕರಡು ತಿದ್ದುತ್ತ ಕಳೆದದ್ದರಿಂದ ಕಲಾಲೋಕಕ್ಕೆ ಆದ ನಷ್ಟವನ್ನು ನೆನೆದು ನಿಟ್ಟುಸಿರು ಬಿಟ್ಟರು.

ಶನಿವಾರ ಬೆಳಿಗ್ಗೆ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಹೆಬ್ಬೆರಳು ನೀಲಿಯಾಯಿತು. ಅರ್ಧ ದಿನದ ಕೆಲಸಕ್ಕೆ ಹೋದವರು ಎದುರು ಮೇಜಿನ ಗೆಳೆಯನನ್ನು ಸಹಜವೆಂಬಂತೆ ಕೇಳಿದರು:

“ಆ ಕುರ್ಚಿ ಲೇಖನ ಚೆನ್ನಾಗಿತ್ತು ಅಲ್ವಾ?”

“ನಿಮಗೆ ಬಂದಿದ್ದು ಮೊದಲನೇ ಪುಟ. ಎರಡನೇದು ನನಗೆ ಬಂತು” ಎಂದ ಆತ ತಲೆಯೆತ್ತದೆ. “ಬಣ್ಣದಷ್ಟೇ ನೀರು ಬೆರೆಸಬೇಕಂತೆ, ತೆಳ್ಳಗೆ ಬಳೀಬೇಕಂತೆ, ಪ್ರತಿ ಸಲ ಒಣಗಿದ ಮೇಲೆ ಮರಳು ಕಾಗದದಲ್ಲಿ ಉಜ್ಜಬೇಕಂತೆ. ಕೊನೇಲಿ ದಪ್ಪ ಅಕ್ಷರದಲ್ಲಿ, ‘ಎಣ್ಣೆ ಬಣ್ಣ ಯಾವ ಕಾರಣಕ್ಕೂ ಬೇಡ, ಒಣಗುವುದಿಲ್ಲ’ ಅಂತಿತ್ತು. ಯಾಕೆ, ನಿಮ್ಮ ಬೆರಳಿಗೇನಾಯ್ತು?”

“ಶಾಯಿ” ಎಂದರು ಅಲ್ಪವಿರಾಮರು.

ಮಧ್ಯಾಹ್ನ ಮನೆಗೆ ಓಡಿ ಬಂದು ಹಲಗೆಗಳನ್ನು ಬಿಸಿಲಿಗಿಟ್ಟರು, ಫ್ಯಾನಿನ ಕೆಳಗಿಟ್ಟರು, ಹೆಂಡತಿಯ ಕೂದಲು ಒಣಗಿಸುವ ಯಂತ್ರವನ್ನು ಅದು ಸುಟ್ಟ ವಾಸನೆ ಬರುವವರೆಗೂ ದುಡಿಸಿದರು. ಕೊನೆಗೆ ಎರಡು ಡಬ್ಬಿ ಟಾಲ್ಕಂ ಪೌಡರನ್ನು ಅವುಗಳ ಮೇಲೆ ಸುರಿದು, ಉಜ್ಜಿ, ಒರೆಸಿದರು. ಆಗ ಅಂಟು ಮಾಯವಾಯಿತು. ಅಥವಾ ಮಾಯವಾದಂತೆ ನಟಿಸಿತು. ಹಲಗೆಗಳನ್ನು ಚೌಕಟ್ಟಿನಲ್ಲಿ ಕೂರಿಸುವಷ್ಟರಲ್ಲಿ ಗೇಟಿನ ಸದ್ದಾಯಿತು. ಸ್ಕ್ರೂಗಳು ಅವರ ಜೇಬಿನಲ್ಲೇ ಉಳಿದವು.

ಒಳಬಂದ ಹೆಂಡತಿ ನಿಂತಲ್ಲೇ ನಿಂತಳು. “ಅಯ್ಯೋ, ಎಷ್ಟು ಚೆನ್ನಾಗಿದೇರಿ. ಚರ್ಮದ್ದಾ? ಏನೋ ಮಲ್ಲಿಗೆ ಪೌಡರ್ ವಾಸನೆ ಬೇರೆ.”

ಸತ್ಯ ಹೇಳಲು ಅದು ತಕ್ಕ ಸಮಯವಾಗಿತ್ತು. ಆದರೆ ಆಕೆ ಮೆಚ್ಚಿ ಮಾತಾಡಿದ್ದು ಯಾವ ಕಾಲದಲ್ಲೋ. ಅಲ್ಪವಿರಾಮರಿಗೆ ಅದನ್ನು ತಿದ್ದಲು ಮನಸ್ಸಾಗಲಿಲ್ಲ. ಆಕೆ ಕೂರಲು ಹೋದಾಗ ಮಾತ್ರ ಅಡ್ಡ ಬಂದು, “ಬೇಡ ಬೇಡ. ನಾಳೆ ನಿಮ್ಮಕ್ಕನೇ ಮೊದಲು ಕೂರಲಿ” ಎಂದರು.

“ನಿಮಗೆ ಇಷ್ಟೊಂದು ಸೂಕ್ಷ್ಮ ತಿಳಿಯುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ” ಎನ್ನುವಾಗ ಆಕೆಯ ಕಣ್ಣು ತುಂಬಿ ಬಂತು.

ಭಾನುವಾರ ಹತ್ತೂವರೆಗೆ ಅತ್ತಿಗೆ ಬಂದರು, ಕೆನೆಬಣ್ಣದ ಹೊಸ ಸೀರೆಯುಟ್ಟು. ಹಿಂದೆ ಷಡ್ಡಕರು, ಹೆಚ್ಚು ಮಾತಿಲ್ಲದ ಮನುಷ್ಯ. ಕುರ್ಚಿ ಕಂಡು ಅತ್ತಿಗೆ ಹತ್ತಿರ ಬಂದು ಅದರ ಬೆನ್ನನ್ನು ಸವರಿದರು. ಆಮೇಲೆ, “ಚೆನ್ನಾಗಿಟ್ಕೊಂಡಿದ್ದೀಯ” ಎಂದರು. ಅಷ್ಟೇ ಮಾತಿಗೆ ತಂಗಿ ಅಕ್ಕನ ಕೈ ಹಿಡಿದು ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಷಡ್ಡಕರು ಎದುರಿನ ಕುರ್ಚಿಯಲ್ಲಿ ಕೂತರು. ನಾಲ್ಕು ವರ್ಷದ ಮಾತು ಒಮ್ಮೆಲೇ ಹರಿಯತೊಡಗಿತು.

ಅಲ್ಪವಿರಾಮರು ಕೂರಲಿಲ್ಲ. ಗೋಡೆಗೊರಗಿ ಗಡಿಯಾರ ನೋಡುತ್ತಿದ್ದರು. ಪೌಡರು ಎಷ್ಟು ಹೊತ್ತು ತಡೆದೀತು? ಮೈಯ ಬಿಸಿ ತಗುಲಿದರೆ ಬಣ್ಣ ಏನು ಮಾಡೀತು? ಎರಡನೇ ಪುಟ ಓದದವರಿಗೆ ಹೇಗೆ ಗೊತ್ತಾಗಬೇಕು?

“ಅತ್ತಿಗೆ, ಹಿತ್ತಲಲ್ಲಿ ದಾಸವಾಳ ಬಿಟ್ಟಿದೆ. ಎದ್ದು ಬನ್ನಿ, ತೋರಿಸ್ತೀನಿ.”

“ಆಮೇಲೆ ನೋಡ್ತೀನಿ ಬಿಡಿ.”

ಐದು ನಿಮಿಷ ಬಿಟ್ಟು, “ಪ್ರಯಾಣ ಮಾಡಿ ಬಂದಿದ್ದೀರಿ. ಒಂದೇ ಕಡೆ ಕೂತ್ರೆ ಕಾಲು ಹಿಡ್ಕೊಳ್ಳುತ್ತೆ. ಸ್ವಲ್ಪ ಎದ್ದು ಓಡಾಡಿ.”

“ಇಲ್ಲ, ಆರಾಮಾಗಿದೆ.”

ಇನ್ನೈದು ನಿಮಿಷ. “ಆರಾಮ ಜಾಸ್ತಿ ಆದ್ರೂ ಒಳ್ಳೇದಲ್ಲ ಅತ್ತಿಗೆ. ಎದ್ಬಿಡಿ.”

ಹೆಂಡತಿ ಗಂಡನತ್ತ ಬೀರಿದ ನೋಟಕ್ಕೆ ಒಣಗದ ಬಣ್ಣವೂ ಒಣಗಬೇಕಿತ್ತು. ಅತ್ತಿಗೆಯ ಮುಖ ಕೆಂಪಾಯಿತು.

“ಬಂದು ಅರ್ಧ ಗಂಟೆ ಆಗಿಲ್ಲ, ನಿನ್ನ ಗಂಡ ಮೂರು ಸಲ ಎದ್ದೇಳಿ ಅಂದ್ರು” ಎಂದರು ತಂಗಿಗೆ. “ಈ ಕುರ್ಚಿ ಮೇಲೆ ನಾನು ಕೂರೋದೂ ನಿಮಗೆ ಇಷ್ಟ ಇಲ್ಲ ಅಂತ ಬಾಯಿ ಬಿಟ್ಟು ಹೇಳ್ಬಹುದಿತ್ತು. ನಡೀರಿ, ಹೋಗೋಣ.”

ಎಂದು ರಭಸದಿಂದ ಎದ್ದರು. ಅವರೊಂದಿಗೆ ಕುರ್ಚಿಯ ಹಲಗೆಯೂ ಎದ್ದಿತು.

“ಅಕ್ಕಾ, ನಿಲ್ಲೇ” ಎಂದು ತಂಗಿ ಅಡ್ಡಗಟ್ಟಲು ಹಾರಿದಳು. ಅವಳ ಹಿಂದೆ ಅವಳ ಹಲಗೆಯೂ ಹಾರಿ ಬಂತು.

ಅಕ್ಕತಂಗಿಯರಿಬ್ಬರೂ ಬೆನ್ನ ಹಿಂದೆ ಒಂದೊಂದು ನೀಲಿ ಹಲಗೆ ಅಂಟಿಸಿಕೊಂಡು ಎದುರುಬದುರು ನಿಂತರು. ಷಡ್ಡಕರು ಹೆಂಡತಿಯ ನೆರವಿಗೆ ಏಳಲು ನೋಡಿ, ಪರಿಸ್ಥಿತಿಯನ್ನು ಅರಿತು, ಹಾಗೇ ಕೂತರು.

“ಅಧಿಕಾರದಲ್ಲಿರೋರು ಕುರ್ಚಿಗೆ ಅಂಟ್ಕೋತಾರೆ ಅಂತ ಕೇಳಿದ್ದೆ. ನೆಂಟರಿಗೂ ಆ ಯೋಗ ಇರುತ್ತೆ ಅಂತ ಗೊತ್ತಿರ್ಲಿಲ್ಲ” ಎಂದರು. ಇಡೀ ದಿನದಲ್ಲಿ ಅವರ ಅತಿ ದೀರ್ಘ ಮಾತು ಅದು.

ಮೊದಲು ನಕ್ಕದ್ದು ಅತ್ತಿಗೆ. ಸಿಟ್ಟನ್ನು ಹಿಡಿದಿಟ್ಟುಕೊಳ್ಳಲು ತುಂಬ ಪ್ರಯತ್ನಪಟ್ಟರು, ಆದರೆ ಹಿಂದೆ ಹಲಗೆ ಜೋತಾಡುವಾಗ ಸಿಟ್ಟು ಎಷ್ಟು ಹೊತ್ತು ನಿಂತೀತು. ತಂಗಿಯೂ ನಕ್ಕಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕು ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಅಲ್ಪವಿರಾಮರ ಕಡೆ ತಿರುಗಿದರು. ಆ ಒಗ್ಗಟ್ಟು ಕಂಡು ಅವರಿಗೆ ಗೋಡೆಯೊಳಗೆ ಸೇರಿಹೋಗಬೇಕೆನಿಸಿತು.

“ಏನು ಹಚ್ಚಿದ್ರಿ?” ಎಂದಳು ಹೆಂಡತಿ.

“ಗೇಟಿನ ಬಣ್ಣ.”

“ಕುಶನ್ ಅಂಗಡಿಯವನಿಗೆ ಹೇಳಿ ಅಂತ ನಾನು ಹೇಳಿದ್ದು...”

“ಈಗ ಕರ್ಕೊಂಡು ಬರ್ತೀನಿ” ಎಂದು ಅವರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದರು.

ಕುಶನ್ ಅಂಗಡಿಯವನು ಬರುವಷ್ಟರಲ್ಲಿ ಅತ್ತಿಗೆ ತಂಗಿಯ ಹಳೆಯ ನೈಟಿ ಹಾಕಿಕೊಂಡಿದ್ದರು, ಷಡ್ಡಕರು ಅಲ್ಪವಿರಾಮರ ಪೈಜಾಮದಲ್ಲಿದ್ದರು. ಅಂಗಡಿಯವನು ಹಲಗೆಯನ್ನು ಮಗುಚಿ, ಮೊಳೆ ಕಿತ್ತು, ಬಣ್ಣ ಬಳಿದ ಬಟ್ಟೆಯನ್ನೂ ಅದರಡಿಯ ನೀಲಿ ಸ್ಪಂಜನ್ನೂ ಸುಲಿದು ತೆಗೆದ. ಕೆಳಗೆ ಇನ್ನೊಂದು ಬಟ್ಟೆ ಇತ್ತು. ಕೆಂಪು ನೆಲದ ಮೇಲೆ ಸಣ್ಣ ಬಿಳಿ ಹೂವು. ಬಣ್ಣ ಅಲ್ಲಿಗೆ ಮುಟ್ಟಿರಲಿಲ್ಲ.

ಅಕ್ಕತಂಗಿಯರು ನೆಲದ ಮೇಲೆ ಕೂತುಬಿಟ್ಟರು.

“ಇದು ಅಮ್ಮನೇ ಹೊಲಿದಿದ್ದು ಕಣೇ” ಎಂದರು ಅತ್ತಿಗೆ, ಹೂವುಗಳ ಮೇಲೆ ಬೆರಳಾಡಿಸುತ್ತ. “ನಾವು ಹಾಳು ಮಾಡ್ತೀವಿ ಅಂತ ಮೇಲೆ ಇನ್ನೊಂದು ಹೊದಿಸಿದ್ಲು. ನಾನು ಮರ್ತೇಬಿಟ್ಟಿದ್ದೆ.”

ತಂಗಿ ಹಲಗೆಯನ್ನು ಅಕ್ಕನ ಮಡಿಲಿಗೆ ಸರಿಸಿದಳು. “ಮೂರು ನೀನು ತಗೊಂಡು ಹೋಗಕ್ಕ” ಎಂದಳು. “ಬೇಡ, ಜೋಡಿ ಒಡೀಬೇಡ” ಎಂದರು ಅಕ್ಕ.

ಈ ಶುಭಗಳಿಗೆಯಲ್ಲಿ ತಮ್ಮ ಪಾಲನ್ನು ದಾಖಲಿಸುವುದು ಒಳ್ಳೆಯದೆಂದು ಅಲ್ಪವಿರಾಮರಿಗೆ ತೋರಿತು. “ಒಂದು ಮಾತು. ನಾನು ಬಣ್ಣ ಹಚ್ಚದೇ ಇದ್ದಿದ್ರೆ ಇದು ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ.”

“ಬಟ್ಟೆ ಬದಲಾಯಿಸೋಕೆ ನನ್ನ ಕರೆದಿದ್ರೂ ಬೀಳ್ತಿತ್ತು ಸಾರ್” ಎಂದ ಅಂಗಡಿಯವನು.

ಐದು ಹಲಗೆ ಮುಗಿಸಿ ಆರನೆಯದಕ್ಕೆ ಕೈ ಹಾಕಿದಾಗ ಹೆಂಡತಿ ತಡೆದಳು. “ಅದು ಹಾಗೇ ಇರ್ಲಿ.”

“ನನ್ನ ಕೆಲಸದ ನೆನಪಿಗಾ?” ಅಲ್ಪವಿರಾಮರ ಎದೆ ತುಸು ಉಬ್ಬಿತು.

“ಅಲ್ಲ, ನೀವು ಕೂರೋಕೆ. ಅದು ಒಣಗೋವರೆಗೂ ನಿಮ್ಮ ಊಟ ತಿಂಡಿ ಎಲ್ಲ ಅದರ ಮೇಲೇ.”

“ಸರಿಯಾದ ತೀರ್ಪು” ಎಂದರು ಅತ್ತಿಗೆ.

ಅಲ್ಪವಿರಾಮರು ಆಸೆಯ ಕಣ್ಣಿನಿಂದ ಅಂಗಡಿಯವನನ್ನು ನೋಡಿದರು. “ಒಣಗೋಕೆ ಎಷ್ಟು ದಿನ ಬೇಕಾಗ್ಬಹುದಪ್ಪ?”

ಅವನು ಹೆಬ್ಬೆರಳಿನಿಂದ ಹಲಗೆ ಒತ್ತಿದ. ನೀಲಿಯಾದ ಬೆರಳನ್ನು ನೋಡಿಕೊಂಡ. ಆಮೇಲೆ ಅಲ್ಪವಿರಾಮರ ನರೆತ ತಲೆಯನ್ನು ನೋಡಿ, ಅವರ ಹೆಂಡತಿಯತ್ತ ತಿರುಗಿ ಮೆಲ್ಲಗೆ ಕೇಳಿದ:

“ಸಾರ್‌ಗೆ ಈಗ ವಯಸ್ಸೆಷ್ಟಮ್ಮ?”