ಹೆಬ್ಬಾತು ಪರಿಚಯ ಸಮಿತಿಯ ನಡಾವಳಿ

ನೀರು ಶುದ್ಧೀಕರಣ ಘಟಕದ ಕಾವಲು ಸಿಬ್ಬಂದಿ ಪಟ್ಟಿಯಲ್ಲಿ ಕ್ರಮಸಂಖ್ಯೆ ಏಳು ಮತ್ತು ಎಂಟು ಹೆಬ್ಬಾತುಗಳು. ಅಪರಿಚಿತರು ಗೇಟು ದಾಟಿದರೆ ಕಿರುಚುವುದು, ಅಗತ್ಯ ಬಿದ್ದಲ್ಲಿ ಕಚ್ಚುವುದು ಅವುಗಳ ಕರ್ತವ್ಯ. ಎಂಟನೆಯದಾದ ಹೆಣ್ಣು ಕಳೆದ ತಿಂಗಳು ತೀರಿಕೊಂಡು ಹುದ್ದೆ ತೆರವಾಯಿತು. ಏಳನೆಯದಾದ ಗಂಡು ಮೊದಲು ಕಿರುಚುವುದನ್ನು ಬಿಟ್ಟಿತು, ಆಮೇಲೆ ಕಾಳು ಮುಟ್ಟುವುದನ್ನೂ ಬಿಟ್ಟಿತು. ಸಹೋದ್ಯೋಗಿಯ ಮರಣಕ್ಕೆ ಸಲ್ಲುವ ಒಂದು ದಿನದ ಶೋಕರಜೆ ಮುಗಿದಿದ್ದರಿಂದ ಅದಕ್ಕೆ ಕಾರಣ ಕೇಳಿ ನೋಟಿಸು ಹೋಯಿತು. ಉತ್ತರ ಬರಲಿಲ್ಲ.

ಘಟಕದ ಮಾಲಿಗೆ ಅದು ಹನ್ನೊಂದು ವರ್ಷ ಕೈಯಾರೆ ಸಾಕಿದ ಜೀವ. ಅಕ್ಕನ ಮನೆಯಿಂದ ಒಂದು ಹೆಣ್ಣು ಹೆಬ್ಬಾತನ್ನು ಬುಟ್ಟಿಯಲ್ಲಿ ತಂದು ಸೂಪರಿಂಟೆಂಡೆಂಟರ ಮುಂದಿಟ್ಟ.

"ಸಾರ್, ಒಂದೇ ಸಲಕ್ಕೆ ಬಿಟ್ರೆ ಕಚ್ಚಾಡ್ತವೆ. ನಡುವೆ ಒಂದು ತಂತಿ ಬಲೆ ಕಟ್ಟಿ ಹದಿನೈದು ದಿನ ಬಿಡೋಣ. ಒಂದನ್ನೊಂದು ನೋಡ್ಕೊಂಡಿರ್ಲಿ. ಆಮೇಲೆ ತಾವೇ ಸೇರ್ತವೆ."

"ಬಹಳ ಸೂಕ್ಷ್ಮವಾದ ವಿಷಯ," ಎಂದ ಸೂಪರಿಂಟೆಂಡೆಂಟರು ಐವರ ಪರಿಚಯ ಸಮಿತಿ ರಚಿಸಿದರು. ಸಮಿತಿ ಮೂರು ಸಭೆ ಸೇರಿ, ಬಲೆಗಿಂತ ಗೋಡೆ ಗಟ್ಟಿ ಎಂದು ಕಂಡುಕೊಂಡಿತು. ಸೂಪರಿಂಟೆಂಡೆಂಟರ ಭಾವಮೈದುನ ಇಟ್ಟಿಗೆ ವ್ಯಾಪಾರಿಯಾಗಿದ್ದದ್ದು ಕಾಮಗಾರಿಗೆ ಅನುಕೂಲವೇ ಆಯಿತು. ವಾರದೊಳಗೆ ಎಂಟಡಿ ಗೋಡೆ ಎದ್ದಿತು.

"ಸಾರ್, ಇದ್ರಲ್ಲಿ ಒಂದಕ್ಕೊಂದು ಕಾಣೋದು ಹೇಗೆ?"

"ಪರಿಚಯ ಆಗ್ಬೇಕು ಅಂತ ಆದೇಶದಲ್ಲಿದೆ. ಕಾಣ್ಬೇಕು ಅಂತ ಎಲ್ಲಿದೆ, ತೋರಿಸು."

ಮಾಲಿ ಆದೇಶವನ್ನು ಎರಡು ಸಲ ಓದಿದ. ಇರಲಿಲ್ಲ.

ಹೆಣ್ಣಿನ ಭಾವಚಿತ್ರವನ್ನು ಗಂಡಿನ ಕಡೆಯ ಗೋಡೆಗೆ ಅಂಟಿಸಿ, ಆಕ್ಷೇಪಣೆಗಳಿದ್ದಲ್ಲಿ ಏಳು ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು ಎಂದು ಪ್ರಕಟಿಸಲಾಯಿತು. ಗಂಡು ಪ್ರಕಟಣೆಗೆ ಬೆನ್ನು ಹಾಕಿ ಕೂತಿತು. ಎತ್ತಿಕೊಂಡರೆ ಎದೆಯ ಮೂಳೆ ಕೈಗೆ ಚುಚ್ಚುತ್ತಿತ್ತು. ಐದನೆಯ ದಿನ ಮಾಲಿ ಹಿಂದೆಮುಂದೆ ನೋಡದೆ ಉಳಿ ಸುತ್ತಿಗೆ ತಂದು ಗೋಡೆಯ ಬುಡದಲ್ಲಿ ಒಂದು ಇಟ್ಟಿಗೆ ಕಿತ್ತ.

ಆ ಕಡೆಯಿಂದ ಕಿತ್ತಳೆ ಬಣ್ಣದ ಕೊಕ್ಕೊಂದು ಇಣುಕಿತು. ಗಂಡು ಕತ್ತು ನೆಲಕ್ಕೆ ಚಾಚಿ ಬುಸುಗುಟ್ಟಿತು. ಕೊಕ್ಕು ಹಿಂದೆ ಸರಿಯಲಿಲ್ಲ. ಬಹಳ ಹೊತ್ತಾದ ಮೇಲೆ ಎರಡೂ ಸೇರಿ ಕಿರುಚಿದ ರಭಸಕ್ಕೆ ಕಚೇರಿಯವರೆಲ್ಲ ಕಿಟಕಿಗೆ ಬಂದರು. ಆ ಸಂಜೆ ಗಂಡು ಒಂದು ಹಿಡಿ ಕಾಳು ತಿಂದಿತು. ಮಾಲಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಮರುದಿನವೇ ತಪಾಸಣೆ. ಅನಧಿಕೃತ ರಂಧ್ರ! ಮಾಲಿಯ ಕೆಲಸ ಹೋಗುವುದರಲ್ಲಿತ್ತು. ಆದರೆ ರಂಧ್ರ ಮುಚ್ಚುವುದಕ್ಕೆ ಬೇರೆಯೇ ಅನುಮೋದನೆ ಬೇಕೆಂದು ತಿಳಿದಾಗ, ಸಮಿತಿಯು ಅದನ್ನೇ 'ಪರಿಚಯ ಕಿಂಡಿ' ಎಂದು ಸಕ್ರಮಗೊಳಿಸಿ ಮಾಲಿಯನ್ನು ಕಿಂಡಿಪಾಲಕನಾಗಿ ನೇಮಿಸಿತು. ವೇಳೆ: ಬೆಳಿಗ್ಗೆ ಹತ್ತರಿಂದ ಸಂಜೆ ಐದು, ನಡುವೆ ಒಂದು ಗಂಟೆ ಊಟದ ಬಿಡುವು. ಗೋಡೆ ಈಗ ಶಾಶ್ವತ ಆಸ್ತಿಯಾದ್ದರಿಂದ ಕೆಡವತಕ್ಕದ್ದಲ್ಲ.

ಮೊದಮೊದಲು ಐದು ಗಂಟೆಗೆ ಇಟ್ಟಿಗೆ ಇಡುವಾಗ ಮಾಲಿ ಬೇಕೆಂದೇ ತಡಮಾಡುತ್ತಿದ್ದ. ಹೆಬ್ಬಾತುಗಳು ಗೋಡೆ ಕುಕ್ಕುತ್ತಿದ್ದವು. ಬರಬರುತ್ತಾ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಎರಡೂ ಕಿಂಡಿಯ ಬಳಿ ಹಾಜರಾಗತೊಡಗಿದವು. ಐದಾದೊಡನೆ, ಇಟ್ಟಿಗೆಗೂ ಕಾಯದೆ, ಎದ್ದು ಹೊರಟುಬಿಡುತ್ತಿದ್ದವು. ಹತ್ತರ ಮೊದಲು ಯಾರು ಗೇಟು ದಾಟಿದರೂ ತಲೆ ಎತ್ತುತ್ತಿರಲಿಲ್ಲ. ಶಿಸ್ತಿಗಾಗಿ ಸಮಿತಿಯು ಎರಡಕ್ಕೂ ಪ್ರಶಂಸಾಪತ್ರ ಕೊಟ್ಟಿತು.

ಒಂದು ಭಾನುವಾರ ಅಕ್ಕ ತನ್ನ ಹೆಬ್ಬಾತನ್ನು ನೋಡಲು ಬಂದಳು. ಗೋಡೆಯ ಈ ಕಡೆ ಮೂಲೆಯಲ್ಲಿ ಒಂದು, ಆ ಕಡೆ ಮೂಲೆಯಲ್ಲಿ ಒಂದು; ಕಿಂಡಿಯ ಹತ್ತಿರ ಯಾವುದೂ ಇಲ್ಲ.

"ಅಯ್ಯೋ, ಜಗಳ ಆಡ್ಕೊಂಡಿವೆಯೇನೋ? ಒಂದ್ರ ಕಡೆ ಒಂದು ಸುಳೀತಾನೇ ಇಲ್ಲವಲ್ಲೋ!"

ಮಾಲಿಗೆ ನಗು ಬಂತು.

"ಜಗಳ ಎಲ್ಲಿ ಬಂತು ಅಕ್ಕಾ? ಇವತ್ತು ರಜೆ."