ಖುಷಿಗಾಗಿ ಸೈಕಲ್ ತುಳಿಯುವ ಬಗ್ಗೆ

ಇಂದ,
ಜ್ಯೋತಿಲಕ್ಷ್ಮಿ, ಟೈಲರ್,
(ತಮ್ಮ ಧರ್ಮಪತ್ನಿ), ಚನ್ನಪಟ್ಟಣ.

ಗೆ,
ಶ್ರೀ ಅನಂತರಾಜು ಅವರು,
ಮನೆಯ ಯಜಮಾನರು ಹಾಗೂ ಸ್ವಯಂನೇಮಿತ ಅತಿವ್ಯಾಯಾಮ ನಿಯಂತ್ರಣಾಧಿಕಾರಿಗಳು,
ದಿವಾನದ ಮೇಲೆ, ಟಿ.ವಿ. ಎದುರು, ಅದೇ ಮನೆ.

ವಿಷಯ: ಯಾವುದೇ ಕಾಯಿಲೆ ಇಲ್ಲದೆ, ಕೇವಲ ಖುಷಿಗಾಗಿ ಸೈಕಲ್ ತುಳಿಯುವ ಕುರಿತು.

ಉಲ್ಲೇಖ: ‘ನಾಳೆಯಿಂದ ಸೈಕಲ್ ಮುಟ್ಟೀಯೆ, ಹುಷಾರು’ ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

ಅರ್ಜಿದಾರಳು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ಮಗಳು ನಯನಾ ಸ್ಕೂಟಿ ಕೊಂಡ ಮೇಲೆ ಅವಳ ಹಳೆಯ ಸೈಕಲ್ಲು ಗೋಡೆಗೊರಗಿ ತುಕ್ಕು ಹಿಡಿಯುತ್ತಿತ್ತು. ಪಕ್ಕದ ಮನೆಯ ಮುನವ್ವರಾ ಒಂದು ದಿನ ಅದನ್ನು ನೋಡಿ, “ಅಕ್ಕಾ, ನಂಗೂ ಕಲಿಸ್ಕೊಡಿ” ಎಂದಳು. ಅರ್ಜಿದಾರಳು ಬಾಲ್ಯದ ಬಳಿಕ ಸೈಕಲ್ ಹತ್ತಿದವಳಲ್ಲ. ಆದರೂ ಕಲಿಸಲು ಹೋಗಿ ಇಬ್ಬರೂ ಬೇಲಿಗೆ ಬಿದ್ದು, ಎದ್ದು, ನಕ್ಕು, ಕಲಿತರು. ಮುನವ್ವರಾ ತನ್ನದೇ ಒಂದು ಸೈಕಲ್ ಹೊಂದಿಸಿಕೊಂಡ ಮೇಲೆ ಮುಂಜಾನೆ ಜೋಡಿಯಾಗಿ ಕಣ್ವ ಜಲಾಶಯದ ಕಡೆ ಹೊರಡತೊಡಗಿದರು. ದಾರಿಯಲ್ಲಿ ಒಂದು ಇಳಿಜಾರಿದೆ. ಅಲ್ಲಿ ಅರ್ಜಿದಾರಳು ಪೆಡಲಿನಿಂದ ಎರಡೂ ಕಾಲು ತೆಗೆದು ‘ಹೋ’ ಎಂದು ಕೂಗುತ್ತಿದ್ದಳು. ಸದರಿ ಕೂಗಿಗೆ ಪೂರ್ವಾನುಮತಿ ಪಡೆದಿರಲಿಲ್ಲ.

2. ವಿಷಯ ತಮ್ಮ ಗಮನಕ್ಕೆ ಬಂದಾಗ ನಡೆದ ವಿಚಾರಣೆ ಈ ಕೆಳಕಂಡಂತಿತ್ತು.

“ತೂಕ ಇಳಿಸಾಕಾ?”

“ಅಲ್ಲ.”

“ಶುಗರ್ ಏನಾದ್ರೂ ಬಂದೈತಾ?”

“ಇಲ್ಲ.”

“ಮತ್ಯಾಕಮ್ಮಿ ಬೆಳ್ಬೆಳಗ್ಗೆ ಸೈಕಲ್ಲು?”

“ಖುಷಿಯಾಯ್ತದೆ.”

ತಮ್ಮ ಮುಖ ಆಗ ಕಪ್ಪಿಟ್ಟಿತು. ಸಕ್ಕರೆ ಕಾಯಿಲೆ ಎಂದಿದ್ದರೆ ತಾವೇ ಚಕ್ರಕ್ಕೆ ಗಾಳಿ ತುಂಬಿಸಿಕೊಡುತ್ತಿದ್ದಿರಿ. ಖುಷಿಗೆ ತಮ್ಮ ಬಳಿ ಮದ್ದಿರಲಿಲ್ಲ.

3. ಅದೇ ವಾರ ಜಿಮ್ ನಡೆಸುವ ತಮ್ಮ ಗೆಳೆಯ ಮಹೇಂದ್ರರವರು ‘ಓವರ್‌ಟ್ರೇನಿಂಗ್’ ಎಂಬ ಪದವನ್ನು ತಮಗೆ ದಯಪಾಲಿಸಿದರು. ಜೊತೆಗೊಂದು ವಿಡಿಯೋ. ಅತಿ ವ್ಯಾಯಾಮದಿಂದ ಸಿಡುಕು ಬರುತ್ತದೆ, ನಿದ್ದೆ ಕೆಡುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎಂದು ಅದರಲ್ಲಿತ್ತು. ಊಟ ಬಡಿಸುತ್ತಿದ್ದವಳ ಮುಂದೆ ತಾವು ಅದನ್ನು ಮೂರು ಸಲ ಹಾಕಿದಿರಿ. ಮೂರನೆಯ ಸಲಕ್ಕೆ ಅವಳು ಸಿಡುಕಿದಳು. “ನೋಡು, ಸುರುವಾಯ್ತು!” ಎಂದು ತಾವು ತೊಡೆ ತಟ್ಟಿದಿರಿ.

4. ನಗುವಂಥದ್ದೇ ಆದರೂ, ಭಯ ಅಂಟುರೋಗವಾದ ಕಾರಣ ಅರ್ಜಿದಾರಳಿಗೂ ತಗುಲಿತು. ಮಾರನೆಯ ಬೆಳಿಗ್ಗೆ ಅದೇ ಇಳಿಜಾರಿನಲ್ಲಿ ಅವಳು ಕೂಗಲಿಲ್ಲ. ಬ್ರೇಕ್ ಹಿಡಿದು ನಿಂತು, ಮಣಿಕಟ್ಟಿಗೆ ಬೆರಳಿಟ್ಟು ನಾಡಿ ಹುಡುಕಿದಳು. ಸಿಗದಿದ್ದಾಗ ಇನ್ನಷ್ಟು ಹೆದರಿದಳು. “ಏನಾಯ್ತಕ್ಕಾ?” ಎಂದ ಮುನವ್ವರಾಗೆ ಉತ್ತರ ಹೇಳಲಾಗದೆ ಸೈಕಲ್ ತಳ್ಳಿಕೊಂಡು ಮನೆಗೆ ಬಂದಳು. ಡಾಕ್ಟರ ಬಳಿ ತಾವೇ ಕರೆದೊಯ್ದಿರಿ. ಅವರು ಅರ್ಜಿದಾರಳ ಎದೆ ಪರೀಕ್ಷಿಸಿ “ಏನೂ ಇಲ್ಲ, ಸೈಕಲ್ ತುಳೀರಿ” ಎಂದರು. ಬಂದದ್ದು ಬಂದಿರಿ, ನಿಮ್ಮದೂ ನೋಡೋಣ ಎಂದು ತಮ್ಮ ಬಿ.ಪಿ. ನೋಡಿ, ಪಟ್ಟಿ ಬಿಚ್ಚದೆ ಇನ್ನೊಮ್ಮೆ ನೋಡಿದರು. ಆದಾಗ್ಯೂ ಮನೆಗೆ ಬಂದೊಡನೆ ತಾವು ಸೈಕಲ್ಲಿಗೆ ಬೀಗ ಜಡಿದಿರಿ.

5. ಇಲ್ಲಿ ಒಂದು ಸಣ್ಣ ಸಂಶಯ. ಅರ್ಜಿದಾರಳು ಮದುವೆಯಾದಾಗಿನಿಂದ ಹೊಲಿಗೆ ಯಂತ್ರದ ಪೆಡಲು ತುಳಿಯುತ್ತಿದ್ದಾಳೆ. ತುಂಬಿದ ಸಿಲಿಂಡರನ್ನು ಮಹಡಿಗೆ ಹೊರುತ್ತಾಳೆ. ಆಗೆಲ್ಲ ಆಗದ ಓವರ್‌ಟ್ರೇನಿಂಗು, ಪೆಡಲು ತುಳಿದರೆ ಮುಂದಕ್ಕೆ ಹೋಗುವ ಗಾಡಿಯಲ್ಲಿ ಮಾತ್ರ ಏಕೆ ಆಗುತ್ತದೆ ಎಂಬುದು ತಿಳಿದುಬಂದಿಲ್ಲ.

6. ತರುವಾಯ, ಸೈಕಲ್ ಬದಲು ತಮ್ಮ ಉಸ್ತುವಾರಿಯಲ್ಲಿ ವಾಕಿಂಗ್ ಮಾಡಬಹುದು ಎಂಬ ಷರತ್ತುಬದ್ಧ ಅನುಮತಿ ದೊರೆಯಿತು. ಕಳೆದ ಭಾನುವಾರ ಅರ್ಜಿದಾರಳೂ ಮುನವ್ವರಾಳೂ ಮುಂದೆ ನಡೆದರೆ, ತಾವು ಸ್ಕೂಟರಿನಲ್ಲಿ ಹಿಂದೆ ತೆವಳುತ್ತಾ “ಒಸಿ ನಿಧಾನ, ಒಸಿ ನಿಧಾನ” ಎಂದು ಕೂಗುತ್ತಿದ್ದಿರಿ. ಏರಿನ ಬುಡದಲ್ಲಿ ಸ್ಕೂಟರಿನ ಪೆಟ್ರೋಲು ಮುಗಿಯಿತು. ತಾವು ಇಳಿಯಲಿಲ್ಲ.

“ನಾನು ಹ್ಯಾಂಡಲ್ ಇಡ್ಕತೀನಿ. ನೀನು ಹಿಂದ್ಲಿಂದ ತಳ್ಳು.”

ಅರ್ಜಿದಾರಳು ಸ್ಕೂಟರನ್ನೂ ತಮ್ಮನ್ನೂ ಒಟ್ಟಿಗೆ ತಳ್ಳಿದಳು. ಅರ್ಧ ಏರಿನಲ್ಲಿ ಮುನವ್ವರಾ ಕೈಜೋಡಿಸುತ್ತಾ ಕೇಳಿದಳು.

“ಅಣ್ಣಾ, ಇದಕ್ಕೆ ಓವರ್‌ಟ್ರೇನಿಂಗ್ ಆಗಲ್ವಾ?”

“ಇದು ಮನೆ ಕೆಲ್ಸ ಕಣಮ್ಮ. ಇದ್ಕೇನಾಯ್ತದೆ!”

ಈ ಉತ್ತರ ಕಿವಿಗೆ ಬಿದ್ದ ಕ್ಷಣದಲ್ಲಿ ಅರ್ಜಿದಾರಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ನಡುರಸ್ತೆಯಲ್ಲಿ ಸ್ಕೂಟರ್ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ತಾವು ಒಸಿ ದೂರ ಹಿಂದಕ್ಕೆ ಜಾರಿದಿರಿ. ಅರ್ಜಿದಾರಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವಳು ನಾಡಿ ನೋಡಲಿಲ್ಲ. ಭಯ ಅಲ್ಲಿಯೇ, ಆ ಏರಿನಲ್ಲಿಯೇ ಬಿಟ್ಟುಹೋಗಿರುತ್ತದೆ.

7. ಸಂಗತಿ ಕೇಳಿದ ತಮ್ಮ ಮಾತೃಶ್ರೀ ಹನುಮಂತಮ್ಮನವರು ತಮಗೆ ಹೇಳಿದ ಮಾತನ್ನು ತಾವು ಕೇಳಿಸಿಕೊಳ್ಳದಂತಿದ್ದ ಕಾರಣ ಇಲ್ಲಿ ದಾಖಲಿಸಿದೆ: “ನಾನು ನೀರ್ ಸೇದಿ ಸೇದಿ ಬೆನ್ನು ಗೂನಾಗೋಯ್ತು. ಆವಾಗ ನಿಮ್ಮಪ್ಪನ ಬಾಯಲ್ಲಿ ಈ ಇಂಗ್ಲೀಸ್ ಕಾಯ್ಲೆ ಹೆಸ್ರೇ ಬರ್ನಿಲ್ವಲ್ಲ ಕಣ್ಲಾ! ಖುಸಿಯಾಗಿ ತಿರುಗಾಡಿದ್ರೆ ಮಾತ್ರ ಬತ್ತದಾ ಅದು?”

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಉಲ್ಲೇಖಿತ ಆದೇಶವನ್ನು ರದ್ದುಪಡಿಸಬೇಕೆಂದೂ, ಆಗದಿದ್ದಲ್ಲಿ ಓವರ್‌ಟ್ರೇನಿಂಗ್ ನಿಯಮವನ್ನು ಸಿಲಿಂಡರ್, ಹೊಲಿಗೆ ಯಂತ್ರ ಮತ್ತು ತಮ್ಮ ಸ್ಕೂಟರಿಗೂ ತಾರತಮ್ಯವಿಲ್ಲದೆ ವಿಸ್ತರಿಸಬೇಕೆಂದೂ ಪ್ರಾರ್ಥನೆ. ಬೀಗದ ಕೈಯನ್ನು ಕೋರಿರುವುದಿಲ್ಲ. ಅದನ್ನು ಅತ್ತೆಯವರು ತಮ್ಮ ಅಂಗಿ ಜೇಬಿನಿಂದ ತೆಗೆದು ಈಗಾಗಲೇ ಕೊಟ್ಟಿರುತ್ತಾರೆ.

ಈಗಲೂ ತಮ್ಮ ವಿಶ್ವಾಸಿಯೇ ಆದ,
ಜ್ಯೋತಿಲಕ್ಷ್ಮಿ

ಲಗತ್ತುಗಳು:
1. ಡಾಕ್ಟರ ಚೀಟಿ. (ಅದರಲ್ಲಿ ಬರೆದಿರುವ ಮಾತ್ರೆಗಳು ತಮ್ಮವು.)
2. ಸ್ಕೂಟರ್ ತಳ್ಳುವಾಗ ಉಂಗುಷ್ಟ ಕಿತ್ತ ಚಪ್ಪಲಿ, ಎಡಗಾಲಿನದು.

ವಿ.ಸೂ.: ನಾಳೆ ಮುಂಜಾನೆ ಅರ್ಜಿದಾರಳು ಮನೆಯಲ್ಲಿರುವುದಿಲ್ಲವಾದ್ದರಿಂದ ಕಾಫಿ ತಾವೇ ಮಾಡಿಕೊಳ್ಳತಕ್ಕದ್ದು. ಸಕ್ಕರೆಯನ್ನು ಬಹಳ ಕಲಕಬಾರದೆಂದು ವಿನಂತಿ. ಅಭ್ಯಾಸವಿಲ್ಲದ ಕೈ, ಓವರ್‌ಟ್ರೇನಿಂಗ್ ಆದೀತು.