ತೆರೆಗೆ ಬೆನ್ನು ಹಾಕಿ ಕೂತ ಅತ್ತೆ

ತಾಂಡೂರಿನ ಟಾಕೀಸಿಗೆ ಬಂದ ಯಾವ ಸಿನಿಮಾವನ್ನೂ ನಮ್ಮ ಸೋದರತ್ತೆ ಬಿಟ್ಟವಳಲ್ಲ. ಯಾವುದನ್ನೂ ನೋಡಿದವಳೂ ಅಲ್ಲ!

ನಿಜಾಮರ ಕಾಲದ ಮಾತು. ಆ ಟಾಕೀಸೋ, ನಮ್ಮೂರ ಕಲ್ಲಿನಲ್ಲೇ ಎದ್ದ ಅರಮನೆ. ಬಾಗಿಲ ಮೇಲೆ ಗಾರೆಯ ನವಿಲುಗಳು, ಒಳಗೆ ಕೆಂಪು ಮಖಮಲ್ಲು. ಹೆಂಗಸರಿಗೆ ಮಹಡಿಯ ಮೇಲೆ ಬೇರೆ ಜಾಗ, ಅದರ ಮುಂದೊಂದು ಪರದೆ. ದೀಪ ಆರಿದ ಮೇಲಷ್ಟೇ ಪರದೆ ಸರಿಸುತ್ತಿದ್ದರು. ವಕೀಲರ ಬೇಗಂ, ಗೌಡರ ಸೊಸೆ, ಕಲ್ಲು ಒಡೆಯುವವರ ಹೆಂಡಂದಿರು ಎಲ್ಲರೂ ಅಲ್ಲಿಯೇ ಒತ್ತಿಕೊಂಡು ಕೂಡಬೇಕು. ಇವರನ್ನೆಲ್ಲ ಹೀಗೆ ಕೂಡಿಸುವ ಇನ್ನೊಂದು ಜಾಗ ಊರಲ್ಲಿ ಎಲ್ಲಿತ್ತು?

ಅತ್ತೆ ಎಲ್ಲರಿಗಿಂತ ಮುಂದೆ ಹೋಗಿ, ಕಟಕಟೆಗೆ ಬೆನ್ನು ಕೊಟ್ಟು, ಹೆಂಗಸರಿಗೆ ಎದುರಾಗಿ ಕೂಡುತ್ತಿದ್ದಳು. ತೆರೆಯ ಕಡೆ ತಪ್ಪಿಯೂ ತಿರುಗುತ್ತಿರಲಿಲ್ಲ. ಎದುರಿಗೆ ಕೂತವರ ಗತಿಯೇನು? ನಾಯಕನ ಹೆಗಲ ಮೇಲೆ ಅತ್ತೆಯ ತಲೆಯೇ ಕೂತು ಪ್ರೇಮಗೀತೆ ಹಾಡಿದಂತಾಗುತ್ತಿತ್ತು! ಬಾಗಿಲು ಕಾಯುವ ಹೆಂಗಸು ಒಮ್ಮೆ, ತೆರೆಯ ಕಡೆ ತಿರುಗಿ ಕೂಡಮ್ಮಾ ಎಂದು ಬೇಡಿಕೊಂಡಳು.

"ತೆರಿ ಮ್ಯಾಲಿನ ಮಂದಿ ನಾಳಿನೂ ಹಿಂಗ ಇರ್ತಾರವ್ವ. ಇವರು ಇರ್ತಾರೇನು?" ಎಂದಳು ಅತ್ತೆ.

ತೆರೆಯ ಬೆಳಕು ಬಿದ್ದ ಮುಖಗಳೇ ಅವಳ ಸಿನಿಮಾ. ಬೇಗಂ ಎರಡು ಸಲ ಅತ್ತರೆ ಚಿತ್ರ ಚಲೋ, ಆಕಳಿಸಿದರೆ ದಂಡ. ಓಣಿಯವರೆಲ್ಲ ಅತ್ತೆಯನ್ನು ಕೇಳಿಯೇ ಟಿಕೀಟು ಕೊಳ್ಳುತ್ತಿದ್ದರು. ಯಾವ ಸೊಸೆಗೆ ಹುಣಸೆಹುಳಿಯ ಬಯಕೆ ಶುರುವಾಗಿದೆ ಎಂಬುದು ಸೂಲಗಿತ್ತಿಗಿಂತ ಮೊದಲೇ ಅತ್ತೆಗೆ ತಿಳಿದಿರುತ್ತಿತ್ತು.

ಒಂದು ದಿನ ಭಾರೀ ನಗೆಯ ಚಿತ್ರ. ಮಹಡಿಗೆ ಮಹಡಿಯೇ ಬಿದ್ದು ಬಿದ್ದು ನಗುತ್ತಿತ್ತು. ಬಟ್ಟೆ ವ್ಯಾಪಾರಿಯ ಹೊಸ ಸೊಸೆಯೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಕ್ಕು ನಕ್ಕು ನೀರು ಬಂದಿದೆ ಎಂದೇ ಅತ್ತೆಯ ಜೊತೆಗಿದ್ದ ನಾನು ತಿಳಿದೆ. ಅತ್ತೆ ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತಳು. ಹುಡುಗಿ ಪಿಸುಗುಟ್ಟಿದ್ದು ಇಷ್ಟು: ಜಹೀರಾಬಾದಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ, ಮದುವೆಯಾದಂದಿನಿಂದ ಇವರು ತವರಿಗೆ ಕಳಿಸಿಲ್ಲ. ಆಚೆ ಪಕ್ಕದಲ್ಲೇ ಅವಳ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮರುದಿನ ಬೆಳಿಗ್ಗೆ ನಮ್ಮತ್ತೆ ಹಾಸಿಗೆ ಸುತ್ತಿಕೊಂಡು ವ್ಯಾಪಾರಿಯ ಮನೆಗೆ ಹೊರಟಳು, ಜೊತೆಗೆ ನಾನು. ಸೊಸೆಯನ್ನು ತವರಿಗೆ ಕಳಿಸುವತನಕ ಇಲ್ಲಿಯೇ ಇರುತ್ತೇನೆಂದು ಹೇಳಿ, ಆ ಯಜಮಾನಿಯ ಎದುರು ಕೂತು ಮುಖ ನೋಡತೊಡಗಿದಳು. ಜಗಳವಿಲ್ಲ, ಬುದ್ಧಿಮಾತಿಲ್ಲ, ಬರೀ ನೋಟ. ಆಕೆ ಅಡುಗೆಮನೆಗೆ ಹೋದರೆ ಅಲ್ಲಿ, ಪೂಜೆಗೆ ಕೂತರೆ ಅಲ್ಲಿಯೂ! ಮಧ್ಯಾಹ್ನ ಯಜಮಾನಿ ಅರ್ಧ ರೊಟ್ಟಿಗೇ ತಾಟು ಸರಿಸಿ ಎದ್ದರು.

"ಒಂದು ಈಕಿನ್ನ ಕಳಸ್ರಿ, ಇಲ್ಲಾ ಆಕಿನ್ನ ಕಳಸ್ರಿ," ಎಂದರು ಗಂಡನಿಗೆ.

ಈಕೆ ಹೋಗುವವಳಲ್ಲ ಎಂದು ವ್ಯಾಪಾರಿಗೂ ಗೊತ್ತಿತ್ತು. ಸಂಜೆಗೇ ಸೊಸೆ ಮೈದುನನ ಜೊತೆ ರೈಲು ಹತ್ತಿದಳು.

ಸ್ಟೇಷನ್ನಿನಿಂದ ಮರಳುವಾಗ ನಾನು ತಿರುತಿರುಗಿ ಹಳಿಯ ಕಡೆಯೇ ನೋಡುತ್ತಿದ್ದೆ. ಅದೇ ತಿಂಗಳು ನನ್ನ ಮದುವೆ ದೂರದ ಕಲ್ಹೇರಿನ ಕಡೆ ಗೊತ್ತಾಗಿತ್ತು. ಅತ್ತೆ ನಡೆಯುತ್ತಲೇ ನನ್ನ ಕೈ ಹಿಡಿದಳು.

"ನಿನ್ನ ಕೊಟ್ಟ ಊರಾಗ ಟಾಕೀಸ್ ಇಲ್ಲ. ಅದಕ್ಕ ನಾನ ಬಂಡಿ ಕಟ್ಟಿಸ್ಕೊಂಡು ಬರ್ತೀನಿ. ನಿನ್ನ ಮಾರಿ ಯಾರಾರ ನೋಡಬೇಕಲ್ಲ."

ಮದುವೆಯ ನಂತರದ ಮೊದಲ ಬೇಸಿಗೆಯಲ್ಲಿ ಬಂದಳು. ಆ ಬಿಸಿಲಲ್ಲಿ ಅಷ್ಟು ದೂರ ಬಂಡಿಯಲ್ಲಿ ಬಂದವಳಿಗೆ ತಂಬಿಗೆ ತುಂಬ ನೀರು ತಂದುಕೊಟ್ಟೆ. ಮೊದಲು ನನ್ನ ಮುಖ ನೋಡಿದಳು. ಆಮೇಲೆ ನೀರು ಕುಡಿದಳು.